ಶವಾಗಾರದ ಫೋಟೊದವರ ಸ್ವಂತ ಕ್ಯಾಮೆರಾ

ಬೆಳಗಿನ ಐದೂಮುಕ್ಕಾಲು. ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ ದಾಟಿದರೆ ಕೊನೆಯ ಕಟ್ಟಡವೇ ಶವಾಗಾರ. ಒಳಗೆ ಬಂದ ಫೋಟೊದವರು ಕೋಟನ್ನು ಮೊಳೆಗೆ ತಗುಲಿಸಿ ಮೊದಲು ಕೈಗೆತ್ತಿಕೊಳ್ಳುವುದು ಕ್ಯಾಮೆರಾವನ್ನಲ್ಲ, ಬಾಚಣಿಗೆಯನ್ನು. ಕಲ್ಲಿನ ಮೇಜಿನ ಮೇಲೆ, ರೈಲು ನಿಲ್ದಾಣದಿಂದ ತಂದ ಹೆಂಗಸೊಬ್ಬಳು ಮಲಗಿದ್ದಾಳೆ. ವಯಸ್ಸು ಐವತ್ತರ ಆಚೀಚೆ, ಹೆಸರು ಗೊತ್ತಿಲ್ಲ. ಒದ್ದೆ ಬಟ್ಟೆಯಿಂದ ಅವಳ ಮುಖ ಒರೆಸುತ್ತಾರೆ. ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ಬಾಚುತ್ತಾರೆ. ಅರೆತೆರೆದ ರೆಪ್ಪೆಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯುತ್ತಾರೆ. ಆಮೇಲೆ ಸರ್ಕಾರಿ ಕ್ಯಾಮೆರಾದ ಫ್ಲಾಶು ಆರು ಸಲ ಮಿನುಗುತ್ತದೆ: ಎದುರಿಗೊಂದು, ಎಡಕ್ಕೊಂದು, ಬಲಕ್ಕೊಂದು, ಇಡೀ ದೇಹದ್ದೊಂದು, ಮೈಮೇಲಿನ ಗುರುತುಗಳದು ಎರಡು.

ಬಾಚಣಿಗೆ, ಒದ್ದೆ ಬಟ್ಟೆ ಯಾವ ಆದೇಶದಲ್ಲೂ ಇಲ್ಲ. "ನಾಳೆ ಇವಳ ಮಗನೋ ತಮ್ಮನೋ ಬಂದು ನೋಡ್ತಾನೆ. ಕೆದರಿದ ಕೂದಲಲ್ಲಿ ನೋಡಿದ್ರೆ, ಇವಳಲ್ಲ ಅಂತ ಹೊರಟೇಹೋಗ್ತಾನೆ. ಹಾಗೆ ಹೋದವರಿದಾರೆ," ಎನ್ನುತ್ತಾರೆ.

ಇಪ್ಪತ್ನಾಲ್ಕು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಒಂದೋ ಎರಡೋ, ಚಳಿಗಾಲದಲ್ಲಿ ನಾಲ್ಕೈದು. ತೆಗೆದ ಮುಖಗಳು ಮುಂಬಾಗಿಲ ಕೌಂಟರಿನ ದಪ್ಪ ಆಲ್ಬಮ್ಮಿಗೆ ಸೇರುತ್ತವೆ. ಮನೆಯವರನ್ನು ಕಳೆದುಕೊಂಡವರು ಬಂದು ಅದನ್ನು ತಿರುವಿ ಹಾಕುತ್ತಾರೆ. ಮೂವರಲ್ಲಿ ಒಬ್ಬರಿಗೆ ಮಾತ್ರ ವಾರಸುದಾರರು ಸಿಗುತ್ತಾರೆ. ಹಾಗೆ ಸಿಕ್ಕ ಪುಟದ ಮೇಲೆ ಗುಮಾಸ್ತ ಹಸಿರು ಶಾಯಿಯಲ್ಲಿ ಗೀಟು ಎಳೆಯುತ್ತಾನೆ. ಫೋಟೊ ತೆಗೆದವರು ಯಾರೆಂದು ಇದುವರೆಗೆ ಯಾರೂ ಕೇಳಿದ್ದಿಲ್ಲ.

ಬೀದಿಯಲ್ಲಿ ಇವರಿಗೆ 'ಕೊನೆ ಕ್ಲಿಕ್ಕು' ಎಂದು ಹೆಸರು. ಕ್ಷೌರದಂಗಡಿಯವನು ಇವರು ಬಂದರೆ ಕನ್ನಡಿ ಕಡೆ ಮುಖ ತಿರುಗಿಸಿಕೊಂಡು, ಈವತ್ತು ನನ್ನ ಸರದಿಯಲ್ಲ ತಾನೆ ಅಣ್ಣ ಎಂದು ನಗುತ್ತಾನೆ. ಇವರೂ ನಗುತ್ತಾರೆ. ಮೊದಮೊದಲು ಚುಚ್ಚುತ್ತಿತ್ತು, ಈಗ ಮೈಗೆ ಒಗ್ಗಿದೆ.

ಮೈಗೆ ಒಗ್ಗದೆ ಉಳಿದದ್ದು ಬೇರೆಯೇ ಇದೆ.

ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಇವರು ಈ ಕೆಲಸಕ್ಕೆ ಸೇರಿದ ಹೊಸತರಲ್ಲೇ ಆಕೆ ನನ್ನದೊಂದು ಫೋಟೊ ತೆಗೆಯಿರಿ ಎಂದು ಕೇಳಿದ್ದರು. ಇವರಿಗೆ ಮನಸ್ಸು ಬರಲಿಲ್ಲ. ದಿನವಿಡೀ ಹೆಣ ನೋಡಿದ ಕ್ಯಾಮೆರಾವನ್ನು ಮನೆಯವಳ ಮುಖಕ್ಕೆ ಹಿಡಿಯುವುದು ಹೇಗೆಂದು ಜೀವ ಹಿಂಜರಿಯಿತು. ಸ್ವಂತಕ್ಕೊಂದು ಒಳ್ಳೆಯ ಕ್ಯಾಮೆರಾ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಮೊದಲು ನಿನ್ನನ್ನೇ ತೆಗೆಯುತ್ತೇನೆ ಎಂದು ಮಾತು ಕೊಟ್ಟರು. ಆಕೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಲ್ಲರ ಕೈಗೂ ಫೋನು ಬಂದ ಮೇಲೂ, ಮಗಳು ಫೋಟೊ ತೆಗೆಯಲು ಹೋದರೆ ಅಂಗೈ ಅಡ್ಡ ಹಿಡಿದು, ಮೊದಲು ನಿಮ್ಮಪ್ಪ ತೆಗೀಲಿ ಎನ್ನುತ್ತಿದ್ದರಂತೆ. ಅದೊಂದು ಮನೆಯ ತಮಾಷೆಯೇ ಆಗಿಹೋಗಿತ್ತು. ಒಂದು ವರ್ಷ ಮಗಳ ಓದು, ಇನ್ನೊಂದು ವರ್ಷ ಸೋರುವ ಸೂರು. ಕ್ಯಾಮೆರಾ ಮುಂದಕ್ಕೆ ಹೋಗುತ್ತಲೇ ಇತ್ತು.

ಎರಡು ವರ್ಷದ ಹಿಂದೆ ಎದೆನೋವೆಂದು ಇದೇ ಆಸ್ಪತ್ರೆಗೆ ಸೇರಿದಾಕೆ ಮೂರನೆಯ ದಿನ ತೀರಿಹೋದರು. ಮನೆಗೆ ಕಳಿಸುವ ಮುಂಚೆ ಒಂದು ಗಂಟೆ ಶವಾಗಾರದಲ್ಲಿ ಇಟ್ಟಿದ್ದರು. ಅಲ್ಲಿನ ಕಾವಲುಗಾರ ಇಪ್ಪತ್ತು ವರ್ಷದ ಒಡನಾಡಿ. ಒಂದಾದರೂ ತೆಗೆದುಕೋ, ಆಮೇಲೆ ಬೇಕೆಂದರೂ ಸಿಗುವುದಿಲ್ಲ ಎಂದು ಕ್ಯಾಮೆರಾವನ್ನು ಇವರ ಕೈಗೇ ಕೊಟ್ಟ. ಇವರು ಹೆಂಡತಿಯ ತಲೆ ಬಾಚಿದರು, ಮುಖ ಒರೆಸಿದರು, ಕ್ಯಾಮೆರಾ ಹಿಂದಕ್ಕೆ ಕೊಟ್ಟರು.

ಮಗಳಿಗೆ ಇದು ಅರ್ಥವಾಗಲಿಲ್ಲ. ಅವಳ ಫೋನಿನಲ್ಲಿ ಅಮ್ಮನ ಏಳು ಫೋಟೊಗಳಿವೆ, ಏಳರಲ್ಲೂ ಅಂಗೈ ಅಡ್ಡ. ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಸಲು ಹೋದರೆ ಮುಖ ಬರೀ ಚುಕ್ಕಿ ಚುಕ್ಕಿಯಾಯಿತು. ಅದನ್ನು ಮೇಜಿನ ಮೇಲಿಟ್ಟು ಅವಳು ಹೇಳಿದ ಮಾತನ್ನು ಇವರು ಇವತ್ತಿಗೂ ಚಾಚೂ ತಪ್ಪದೆ ಹೇಳುತ್ತಾರೆ.

"ಊರಿನ ಅನಾಥ ಹೆಣಕ್ಕೆಲ್ಲ ಆರಾರು ಫೋಟೊ. ನಮ್ಮಮ್ಮಂಗೆ ಒಂದೂ ಇಲ್ವಲ್ಲಪ್ಪ."

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅಂದಿನಿಂದ ಬಾಡಿಗೆ ಕೋಣೆ ಹಿಡಿದು ಭಾನುವಾರ ಮಾತ್ರ ಬರುತ್ತಾಳೆ, ಅಡುಗೆ ಮಾಡಿಟ್ಟು ಹೋಗುತ್ತಾಳೆ. ಬೇಕಾದಷ್ಟೇ ಮಾತು.

ಹೋದ ವರ್ಷ ಇವರು ಕ್ಯಾಮೆರಾ ಕೊಂಡೇಬಿಟ್ಟರು. ಮಾರುಕಟ್ಟೆ ಹಿಂದಿನ ಹಳೇ ಸ್ಟುಡಿಯೊದ ಯಜಮಾನರು ನಲವತ್ತು ವರ್ಷ ಕಾಪಾಡಿಕೊಂಡಿದ್ದ, ಫಿಲ್ಮ್ ರೋಲು ಹಾಕುವ ರೇಂಜ್‌ಫೈಂಡರ್ ಅದು. ಲೋಹದ ಮೈ, ಅಂಗೈಯಗಲ, ಎತ್ತಿದರೆ ಕಲ್ಲಿನಂಥ ತೂಕ. ಹತ್ತು ತಿಂಗಳ ಸಂಬಳ ಒಂದೇ ಏಟಿಗೆ ಹೋಯಿತು. ಇನ್ನು ಯಾರ ಫೋಟೊ ತೆಗೀಬೇಕು ಅಂತ ಇದು ಎಂದು ಮಗಳು ಕೇಳಿದಳು.

ಇಪ್ಪತ್ನಾಲ್ಕು ವರ್ಷ ಫೋಟೊ ತೆಗೆದ ಕೈ, ಹೊಸ ಕ್ಯಾಮೆರಾದ ಮುಂದೆ ಅಕ್ಷರಾಭ್ಯಾಸಕ್ಕೆ ಕೂತಂತಾಯಿತು. ಮೊದಲ ರೋಲು ಮುಗಿಸಿ ತೊಳೆಸಿದರೆ ಮೂವತ್ತಾರರಲ್ಲಿ ಒಂದೂ ಇಲ್ಲ. ಇದರಲ್ಲಿ ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಚೆನ್ನಾಗಿಯೇ ಕಾಣುತ್ತದೆ. ಸ್ಟುಡಿಯೊ ಯಜಮಾನರು ನಕ್ಕು, ಎಲ್ಲರೂ ಒಂದು ರೋಲು ಹೀಗೆ ಕಳೆದೇ ಕಲಿಯುವುದು ಎಂದು ಸಮಾಧಾನ ಹೇಳಿದರು. ಎರಡನೆಯ ರೋಲಿನ ತುದಿ ಒಳಗೆ ಸುರುಳಿಗೆ ಕಚ್ಚಿಕೊಂಡೇ ಇರಲಿಲ್ಲ. ಅದೂ ಹೋಯಿತು. ಮೂರನೆಯದರಲ್ಲಿ ಆಸ್ಪತ್ರೆಯ ಗೋಡೆ, ಸೈಕಲ್ಲು, ಒಗೆದು ಒಣಹಾಕಿದ ಹೊದಿಕೆಗಳು ಬಂದವು.

ಮನುಷ್ಯರು ಮಾತ್ರ ಬರಲಿಲ್ಲ. ಕಿಂಡಿಯ ನಡುವೆ ಒಂದು ಪುಟ್ಟ ಚೌಕವಿದೆ. ಅದರೊಳಗೆ ಎದುರಿಗಿರುವ ಮುಖ ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಹೋದರೆ ಒಂದು ಮುಖ ಜಾರಿಬಂದು ಇನ್ನೊಂದರ ಮೇಲೆ ಕೂರುತ್ತದೆ. ಎರಡೂ ಒಂದಾದ ಕ್ಷಣವೇ ಗುಂಡಿ ಒತ್ತಬೇಕು. ಇವರು ಒತ್ತುವಷ್ಟರಲ್ಲಿ ಎದುರಿಗಿದ್ದವರು ಕೆಮ್ಮಿರುತ್ತಾರೆ, ತಿರುಗಿರುತ್ತಾರೆ, ಆಯ್ತಾ ಎಂದು ಕೇಳಿರುತ್ತಾರೆ.

"ಸತ್ತವರು ಅಲ್ಲಾಡಲ್ಲ ನೋಡಿ. ನನ್ನ ಕೈಗೆ ಅದೇ ರೂಢಿ. ಬದುಕಿರೋರಿಗೆ ಅಷ್ಟು ಪುರಸೊತ್ತಿಲ್ಲ."

ದಿನಾ ಸಂಜೆ ಒಂದು ಗಂಟೆ ರೋಲಿಲ್ಲದೆ ಅಭ್ಯಾಸ ಮಾಡಿದರು. ಕುರ್ಚಿಯ ಬೆನ್ನು, ಬಾಗಿಲ ಚಿಲಕ, ಬೀದಿಯಲ್ಲಿ ಹೋಗುವವರ ತಲೆ. ಒಂದಿನ ಕಾವಲುಗಾರನನ್ನೇ ಕಿಟಕಿಯ ಹತ್ತಿರ ಕೂರಿಸಿ ತೆಗೆದರು. ಚಿತ್ರದಲ್ಲಿ ಅವನ ಕಣ್ಣು ಸ್ಪಷ್ಟವಾಗಿ ಮೂಡಿತ್ತು. ತನ್ನ ಫೋಟೊ ನೋಡಿ ಅವನು, ಇಷ್ಟು ಮುದುಕನಾಗಿಬಿಟ್ಟೆನೇ ಎಂದು ಬೆಪ್ಪಾದ.

ನಾಲ್ಕು ತಿಂಗಳ ಕೆಳಗೆ ಒಂದು ಭಾನುವಾರ, ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದ ಮಗಳನ್ನು ಇವರು, ನಿನ್ನದೊಂದು ಫೋಟೊ ತೆಗೀಲಾ ಎಂದು ಕೇಳಿಯೇಬಿಟ್ಟರು. ಅವಳು ಅಮ್ಮನ ಹೊಲಿಗೆ ಯಂತ್ರದ ಮುಂದಿನ ಸ್ಟೂಲೆಳೆದುಕೊಂಡು ಕಿಟಕಿಗೆ ಪಕ್ಕವಾಗಿ ಕೂತಳು. ಇವರು ಲೆನ್ಸಿನ ಬಳೆ ತಿರುಗಿಸುತ್ತ ಹೋದರು. ಚೌಕದೊಳಗಿನ ಎರಡು ಮುಖಗಳು ಹತ್ತಿರ ಬರುತ್ತಿದ್ದವು, ದೂರ ಹೋಗುತ್ತಿದ್ದವು. ಬಹಳ ಹೊತ್ತಾಯಿತು. ಮಗಳು ಅಲ್ಲಾಡಲಿಲ್ಲ. ಅವಳ ಕಣ್ಣು ತುಂಬಿಕೊಂಡದ್ದು ಕಿಂಡಿಯಲ್ಲಿ ಕಂಡಾಗ ಬಳೆ ಎಲ್ಲಿತ್ತೋ ಅಲ್ಲೇ ಬಿಟ್ಟು ಗುಂಡಿ ಒತ್ತಿದರು.

ಚಿತ್ರ ಕೆಟ್ಟಿತ್ತು. ಕಣ್ಣು, ಮೂಗು, ತುಟಿ ಎಲ್ಲ ಮಸುಕು. ಫೋಕಸ್ಸು ಮುಖಕ್ಕಿಂತ ನಾಲ್ಕು ಬೆರಳಷ್ಟು ಹಿಂದೆ ಬಿದ್ದದ್ದರಿಂದ ಕಿವಿ ಮಾತ್ರ ಕೂದಲೆಳೆ ಎಣಿಸುವಷ್ಟು ನಿಚ್ಚಳ. ಮುಂದಿನ ವಾರ ಅದನ್ನು ಮಗಳಿಗೆ ತೋರಿಸುವ ಧೈರ್ಯವಿರಲಿಲ್ಲ. ಮೇಜಿನ ಖಾನೆಯಲ್ಲಿ ಅವಳಿಗೇ ಸಿಕ್ಕಿತು. ನಿಂತೇ ನೋಡಿದಳು, ಆಮೇಲೆ ಕೂತು ನೋಡಿದಳು.

"ಅಮ್ಮನ ಕಿವಿ ಹೀಗೇ ಇತ್ತು," ಎಂದಳು.

ಅಗಲ ಹಾಲೆ, ಅದರ ತುದಿ ಕೆನ್ನೆಗೆ ಅಂಟಿದಂತೆ. ಇಪ್ಪತ್ತೊಂಬತ್ತು ವರ್ಷ ಪಕ್ಕದಲ್ಲಿ ಮಲಗಿದ್ದ ಕಿವಿಯನ್ನು ಇವರು ಆವತ್ತು ಗುರುತು ಹಿಡಿದರು. ಮಗಳು ಫೋಟೊವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟಳು. ಈಗಲೂ ಬೇಕಾದಷ್ಟೇ ಮಾತು. ಆದರೆ ಆ ಚಿತ್ರ ಅವಳ ಬಾಡಿಗೆ ಕೋಣೆಯ ಗೋಡೆಯ ಮೇಲಿದೆಯಂತೆ, ಕಾವಲುಗಾರ ನೋಡಿ ಬಂದಿದ್ದಾನೆ. ಇವರು ಇನ್ನೂ ನೋಡಿಲ್ಲ.

ಕೆಲಸದಿಂದ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಆಮೇಲೆ ಏನು ಮಾಡುತ್ತೀರಿ ಎಂದರೆ ದೊಡ್ಡ ಯೋಜನೆಯೇನೂ ಇಲ್ಲ.

"ಕಣ್ಣು ಸರಿಯಾಗಿ ಬರೋ ಹಾಗೆ ಅವಳದೊಂದು ತೆಗೀಬೇಕು. ಈಗ ಕೈಗೆ ರೂಢಿಯಾಗಿದೆ. ಇನ್ನೊಂದು ಸಲ ಕೂತ್ಕೋ ಅಂತ ಕೇಳೋಕೇ ಆಗಿಲ್ಲ. ಬರೋ ಭಾನುವಾರ ಕೇಳ್ತೀನಿ."