ಊರಮ್ಮನ ಪಾದಕ್ಕೆ ಬಿದ್ದ ನೀರು

ಬೆಳಗಿನ ಐದು ಗಂಟೆ. ಹರಿಹರದ ಹೊರವಲಯದ ದೈವಶಾಸ್ತ್ರ ಕಾಲೇಜಿನಲ್ಲಿ ನಾಳಿನ ಪಾದ್ರಿಗಳು ನಿದ್ದೆಗಣ್ಣಲ್ಲೇ ಕೀರ್ತನೆ ಎಳೆಯುತ್ತಿದ್ದಾರೆ. ಪಕ್ಕದ ಅಡುಗೆಮನೆಯಲ್ಲಿ ಅಡುಗೆಯ ಊರಮ್ಮ ತಟಪಟ ರೊಟ್ಟಿ ಬಡಿಯುತ್ತಿದ್ದಾರೆ. ತಾಳ ತಪ್ಪುವುದು ಕೀರ್ತನೆಯಲ್ಲೇ ಹೊರತು ರೊಟ್ಟಿಯಲ್ಲಲ್ಲ.

"ಹಾಡು ಮುಗಿಯೋದ್ರೊಳಗೆ ಬುಟ್ಟಿ ತುಂಬಬೇಕ್ರಿ. ಹಸಿದೋರಿಗೆ ದೇವ್ರೂ ಕಾಣಂಗಿಲ್ಲ," ಎನ್ನುತ್ತಾರೆ.

ನಂದಿಗುಡಿ ಕಡೆಯ ಹೆಣ್ಣುಮಗಳು. ಗಂಡ ಗೋಣೆಪ್ಪ ಹಮಾಲಿ ಮಾಡುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಒಲೆ. ಮನೆಯಲ್ಲಿ ಎಲ್ಲಮ್ಮನಿಗೆ ದೀಪ ಹಚ್ಚಿ ಬಂದು ಇಲ್ಲಿ ಪಾದ್ರಿಗಳಾಗುವ ಹುಡುಗರಿಗೆ ಅನ್ನ ಹಾಕುವುದು. ಎರಡಕ್ಕೂ ಜಗಳ ಬಂದದ್ದೇ ಇಲ್ಲ. ಈ ಕೈಯಡುಗೆ ಉಂಡವರು ಇಂದು ದಾವಣಗೆರೆಯಿಂದ ಬೀದರಿನವರೆಗೆ ಚರ್ಚಿನ ಸಭೆಗಳನ್ನು ನಡೆಸುತ್ತಿದ್ದಾರೆ.

ಕಾಲೇಜಿನ ಕಾಲವೂ ಚೆನ್ನಾಗಿಲ್ಲ. ಒಮ್ಮೆ ಐವತ್ತು ತಟ್ಟೆ ಹಾಕುತ್ತಿದ್ದ ಕಡೆ ಈಗ ಹತ್ತು. ಪಾದ್ರಿ ಓದಿಗೆ ಮಗನನ್ನು ಕಳಿಸಲು ಹೆತ್ತವರೇ ಅಂಜುತ್ತಾರೆ. ಮತಾಂತರದ ಗುಲ್ಲೆದ್ದೀತೆಂದು, ಭಾನುವಾರ ಹಳ್ಳಿಗಳಿಗೆ ಹೋಗಿ ಬೋಧನೆ ಕಲಿಯುವುದೂ ನಿಂತಿದೆ. ಹುಡುಗರು ಒಬ್ಬರಿಗೊಬ್ಬರು ಬೋಧಿಸಿಕೊಂಡು ಒಬ್ಬರಿಗೊಬ್ಬರು ಆಮೆನ್ ಹೇಳಿಕೊಳ್ಳುತ್ತಾರೆ.

ಎಡವಟ್ಟಾದದ್ದು ಪವಿತ್ರ ಗುರುವಾರ. ಏಸು ಹನ್ನೆರಡು ಮಂದಿ ಶಿಷ್ಯರ ಪಾದ ತೊಳೆದ ನೆನಪಿಗೆ ಅಂದು ಪ್ರಾಂಶುಪಾಲರು ಹನ್ನೆರಡು ಜನರ ಪಾದ ತೊಳೆಯುವುದು ಇಲ್ಲಿನ ಪದ್ಧತಿ. ಇರುವವರೇ ಹತ್ತು ಜನ. ಲೆಕ್ಕ ತುಂಬಲಿ ಎಂದು ಕಾವಲುಗಾರ ಮೈಲಪ್ಪನನ್ನೂ ಊರಮ್ಮನನ್ನೂ ಕರೆದು ಬೆಂಚಿನ ಮೇಲೆ ಕೂರಿಸಿದರು.

"ಬ್ಯಾಡ್ರಿ ಅಂದೆ. ದೊಡ್ಡೋರು ನನ್ನ ಕಾಲು ಮುಟ್ಟಬಾರದು ಅಂತ ಅಂದಿದ್ದು, ಬ್ಯಾರೆ ಏನಲ್ಲ. ಕೂಡ್ರಿ ಅಂದ್ರು, ಕೂತೆ."

ಒಬ್ಬ ಹುಡುಗ ಭಕ್ತಿಯಿಂದಲೇ ಫೋಟೋ ತೆಗೆದು ಮೊಬೈಲಿನಲ್ಲಿ ಸ್ಟೇಟಸ್ ಹಾಕಿದ. ಸಂಜೆಯೊಳಗೆ ಅದು ಊರಮ್ಮನ ಓಣಿ ಮುಟ್ಟಿತು. ಚರ್ಚಿನ ನೀರು ಮೈಗೆ ತಾಗಿತೆಂದರೆ ಮತ ಬಿಟ್ಟಂತೆ ಎಂಬುದು ಓಣಿಯ ತಿಳಿವಳಿಕೆ. ಕಾಲಿಗೆ ಬಿದ್ದ ನೀರು ಬಾಯಿಂದ ಬಾಯಿಗೆ ಏರುತ್ತಾ ತಲೆಯ ಮೇಲೆ ಬಿತ್ತು, ಊರಮ್ಮ ಮತ ಬದಲಿಸಿದಳೆಂದೇ ಆಯಿತು. ಅದೇ ಬೆಂಚಿನಲ್ಲಿದ್ದ ಮೈಲಪ್ಪ, "ಬಿಸಿಲಿಗೆ ಕಾಲು ತಣ್ಣಗಾತು" ಎಂದು ನಕ್ಕು ಪಾರಾದ. ಗಂಡಸಿನ ಮಾತು, ಯಾರೂ ಮರುಮಾತಾಡಲಿಲ್ಲ.

ಓಣಿಯಲ್ಲಿ ಯಾರ ಮದುವೆಯಿರಲಿ, ಅರಿಶಿನ ಕುಟ್ಟುವಾಗ ಒನಕೆಗೆ ಊರಮ್ಮನದೇ ಮೊದಲ ಕೈ. ಪಕ್ಕದ ಮನೆ ಮಾರೆಮ್ಮನ ಮಗಳ ಮದುವೆಗೆ ಕರೆ ಬರಲಿಲ್ಲ. ಕೇಳಿದರೆ ಮಾರೆಮ್ಮ ನೆಲ ನೋಡುತ್ತಾ, "ನಮ್ಗೇನಿಲ್ಲವ್ವ, ಬೀಗರು ಏನಂತಾರೊ" ಎಂದರಂತೆ. ಗೋಡೆಯಾಚೆ ಒನಕೆಯ ಸದ್ದು ಕೇಳುತ್ತಾ ಊರಮ್ಮ ಒಳಗೇ ಕೂತಿದ್ದರು. ಅದನ್ನು ಹೇಳುವಾಗ ಮಾತ್ರ ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ.

ಇತ್ತ ಯಾರೋ ನಾಲ್ವರು ಬಂದು ಕಾಲೇಜಿನ ಗೇಟಿನ ವಿಡಿಯೊ ಮಾಡಿಕೊಂಡು ಹೋದರು. ಮತಾಂತರದ ದೂರು ಬಂದೀತೆಂದು ಆಡಳಿತ ಮಂಡಳಿ ನಡುಗಿತು. ಮುಂದಿನ ತಿಂಗಳಿಂದ ಊಟ ದಾವಣಗೆರೆಯ ಮೆಸ್ಸಿನಿಂದ ಬರುತ್ತದೆ. ಊರಮ್ಮನಿಗೆ ಈ ತಿಂಗಳೇ ಕೊನೆ.

"'ನಿಮ್ಮ ಒಳ್ಳೇದಕ್ಕೇ ಊರಮ್ಮ' ಅಂದ್ರು ಪ್ರಿನ್ಸಿಪಾಲರು. ನನ್ನ ಒಳ್ಳೇದು ನನ್ನ ಕೇಳ್ದೇ ಅವ್ರಿಗೆ ಹೆಂಗೆ ಗೊತ್ತಾತೊ. ನಮ್ಮ ಓಣಿಗೆ ಬಂದು ಒಂದ್ಮಾತು ಹೇಳ್ರಿ ಅಂದೆ. ನಾವು ಬಂದ್ರೆ ಸುದ್ದಿ ನಿಜ ಅಂತಾರೆ ಅಂದ್ರು."

ಅವರ ಮಾತೂ ಪೂರ್ತಿ ಸುಳ್ಳಲ್ಲ, ಅಂಜಿಕೆಗೆ ಕಾರಣವಿದೆ. ಆದರೆ ಆ ಅಂಜಿಕೆಯ ಭಾರ ಹೊರಲು ಸಿಕ್ಕಿದ್ದು ಅಡುಗೆಯವಳ ತಲೆಯೇ! ಉಂಡ ಮನೆಗೆ ಎರಡು ಬಗೆಯಬಾರದೆಂಬುದನ್ನು ಯಾವ ತರಗತಿಯಲ್ಲೂ ಕಲಿಸುವುದಿಲ್ಲವೇನೋ.

ಹಳೆಯ ವಿದ್ಯಾರ್ಥಿಯೊಬ್ಬರಿಗೆ ಊರಮ್ಮ ಫೋನ್ ಮಾಡಿಸಿದರು. ಈಗ ದೊಡ್ಡ ಸಭೆಯ ಪಾದ್ರಿ. ಓದುವಾಗ ಜ್ವರ ಬಂದರೆ ಇವರ ಕೈಯ ಗಂಜಿಯೇ ಆಗಬೇಕಿತ್ತು.

"ಪ್ರಾರ್ಥನೆ ಮಾಡ್ತೀನಿ ಊರಮ್ಮಕ್ಕ ಅಂದ. ಅದನ್ನ ನಮ್ಮ ಓಣ್ಯಾಗ ಬಂದು ಬಾಯಿಬಿಟ್ಟು ಮಾಡಪ್ಪ ಅಂದೆ. ಫೋನ್ ಕಟ್ಟಾತು."

ಕೀರ್ತನೆ ಮುಗಿಯುತ್ತದೆ. ಹುಡುಗರು ಸಾಲಾಗಿ ಬಂದು ತಟ್ಟೆ ಹಿಡಿಯುತ್ತಾರೆ, ಯಾರೂ ಮುಖ ಎತ್ತುವುದಿಲ್ಲ. ಫೋಟೋ ಹಾಕಿದವನಿಗೂ ಊರಮ್ಮ ಎಲ್ಲರಿಗಿಂತ ಒಂದು ರೊಟ್ಟಿ ಹೆಚ್ಚೇ ಹಾಕುತ್ತಾರೆ. ತಿಂದೆದ್ದ ಮೇಲೆ ತಟ್ಟೆಗಳನ್ನೆಲ್ಲ ನಲ್ಲಿಯಡಿ ಗುಡ್ಡೆ ಹಾಕಿಕೊಂಡು ಕೂರುತ್ತಾರೆ.

"ಇವ್ರು ನನ್ನ ಕಾಲು ತೊಳೆದಿದ್ದು ಒಂದ್ಸಲ, ಊರೆಲ್ಲ ಫೋಟೋ ನೋಡ್ತು," ಎನ್ನುತ್ತಾರೆ, ತಟ್ಟೆ ಉಜ್ಜುತ್ತಲೇ. "ಇವರ ಎಂಜಲು ನಾನು ಇಪ್ಪತ್ತು ವರ್ಷ ತೊಳೆದೀನಿ. ಅದರ ಫೋಟೋ ಯಾರೂ ತೆಗೀಲಿಲ್ಲ ನೋಡ್ರಿ."