ಉಸ್ತಾದರ ಪಾಳಿ

ಸಿಕಂದರಾಬಾದಿನ ಹೋಟೆಲೊಂದರಲ್ಲಿ ಕ್ಲಾರಿನೆಟ್ ಊದುತ್ತಿದ್ದಾಗ ನನಗೆ ಜಾಜ್‌ನ ಹುಚ್ಚು ಹಿಡಿಯಿತು. ಊರಿಗೆ, ಅಂದರೆ ಶಹಾಪುರಕ್ಕೆ ಮರಳಿದ ಮೇಲೆ ಮದುವೆಗಳಿಗಾಗಿ ಮೂವರ ಮೇಳ ಕಟ್ಟಿದೆ: ನಾನು, ಬಳಿಚಕ್ರ ಊರಿನ ಹಲಗಿ ಬಾರಿಸುವವನು, ಸುರಪುರದ ಶಹನಾಯಿ ಉಸ್ತಾದರು. ಜಾಜ್‌ನಿಂದ ನಾನು ತಂದದ್ದು ಒಂದೇ ಪದ್ಧತಿ. ಹಾಡು ಎಲ್ಲರದು; ನಡುವೆ ಒಬ್ಬೊಬ್ಬರಿಗೆ ಒಂದು ಪಾಳಿ. ಆ ಪಾಳಿಯಲ್ಲಿ ಮನಸ್ಸಿಗೆ ಬಂದದ್ದು ನುಡಿಸಬೇಕು, ಉಳಿದವರು ತಗ್ಗಬೇಕು. ಉಸ್ತಾದರು ಮೊದಲು ನಕ್ಕುಬಿಟ್ಟರು. ಆಮೇಲೆ ನೋಡಿದರೆ, ಅವರ ಪಾಳಿ ಬಂತೆಂದರೆ ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮಶಾಹಿ ಮುಗಿಯಿತು. ಪೇಡೆ ಹಂಚಿದವರಲ್ಲಿ ನಾನೂ ಒಬ್ಬ. ಆದರೆ ರಜಾಕಾರರ ಮೇಲಿನ ಸಿಟ್ಟನ್ನು ಜನ ಕೈಗೆ ಸಿಕ್ಕ ಮುಸಲ್ಮಾನರ ಮೇಲೆಲ್ಲ ತೀರಿಸಿಕೊಳ್ಳತೊಡಗಿದರು. ಯಾರ ತಂಟೆಗೂ ಹೋಗದ ಉಸ್ತಾದರು ಮನೆಗೆ ಬೀಗ ಹಾಕಿ ಎಲ್ಲಿಗೋ ಹೊರಟುಹೋದರು.

ಮತ್ತೆ ಮದುವೆಗಳು ಶುರುವಾದವು. ಉಸ್ತಾದರ ಪಾಳಿ ಬಂದಾಗ ನಾನೇ ಊದಲು ಹೋದೆ. ಹಲಗಿಯವನು ಪೆಟ್ಟು ತಗ್ಗಿಸಿ ನನ್ನನ್ನು ತಡೆದ.

"ಅದು ಉಸ್ತಾದರ ಪಾಳಿ ಅದರಿ, ಮಾಸ್ತರ. ಅವರು ಬರೋತನಕ ಹಾಂಗೇ ಇರ್ಲಿ."

ಅಂದಿನಿಂದ ಆ ಜಾಗದಲ್ಲಿ ಹಲಗಿಯ ಮೆಲುದನಿಯೊಂದೇ ಇರುತ್ತಿತ್ತು. ಶಹನಾಯಿ ಎಲ್ಲಿ ಎಂದು ಬೀಗರು ಕೇಳುತ್ತಿದ್ದರು. ಬರುತ್ತಾರೆ ಎನ್ನುತ್ತಿದ್ದೆವು. ಹಾಗೆ ಹೇಳುವಾಗ ನನಗೆ ಹೆಮ್ಮೆ.

ಕಡೆಗೆ ಅವರು ಯಾದಗಿರಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ತಿಳಿದು ಹೋದೆ. ಗಡ್ಡ ಬೋಳಿಸಿದ್ದರು, ಗುರುತೇ ಹತ್ತಲಿಲ್ಲ. ನಿಮ್ಮ ಪಾಳಿ ಯಾರೂ ಮುಟ್ಟಿಲ್ಲ, ಖಾಲಿ ಇಟ್ಟಿದ್ದೇವೆ ಎಂದೆ. ಖುಷಿಪಡುತ್ತಾರೆಂದುಕೊಂಡಿದ್ದೆ. ಅವರು ಎದ್ದು ಬಾಗಿಲ ಚಿಲಕ ಹಾಕಿದರು.

"ಖಾಲಿ ಇಡಬ್ಯಾಡ್ರಿ, ಮಾಸ್ತರ. ಖಾಲಿ ಇದ್ರ ಮಂದಿ ಕೇಳ್ತಾರ, ಶಹನಾಯಿಯಾಂವ ಎಲ್ಲಿ ಹೋಗ್ಯಾನಂತ. ಕೇಳಿದವರು ಹುಡುಕ್ಕೋತ ಬರ್ತಾರ. ಮಂದಿ ನನ್ನ ಮರೀಲಿ ಬಿಡ್ರಿ."

ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ.

ಹಲಗಿಯವನಿಗೆ ಇದನ್ನು ಹೇಳಿದೆ. ಅವನು ಕಾಯಿಸುತ್ತಿದ್ದ ಹಲಗಿಯನ್ನು ಇನ್ನೊಮ್ಮೆ ಬೆಂಕಿಗೆ ಹಿಡಿದ. ಮುಂದಿನ ಮದುವೆ ಸುರಪುರದಲ್ಲಿ, ಉಸ್ತಾದರ ಓಣಿಯ ಪಕ್ಕದಲ್ಲೇ. ಅವರ ಪಾಳಿ ಬಂತು. ಅವರು ಎಳೆಯುತ್ತಿದ್ದಂತೆಯೇ ಸ್ವರ ಎಳೆದು, ಉಸಿರು ಹಿಡಿದು ಊದಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಊದಿರಲಿಲ್ಲ.

"ಮಾಸ್ತರ ಈಗ ಭಾಳ ಪಳಗ್ಯಾರ ನೋಡ್ರಿ," ಎಂದರು ಮದುಮಗನ ಕಾಕಾ.

ಊಟವಾಯಿತು, ಎಲೆ ಅಡಿಕೆಯಾಯಿತು. ಶಹನಾಯಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.