ಇಂದ್ರಾಣಕ್ಕನ ಮೂಗು

ಚಿನ್ನದ ಗಣಿಯ ಊರಾದ ಉರಿಗಾಂನ ಕಾರ್ಮಿಕರ ಲೈನ್‌ಮನೆಗಳಲ್ಲಿ ನಮ್ಮ ಪಕ್ಕದ ಮನೆ ಇಂದ್ರಾಣಕ್ಕನದು. ಕಾಮಸಮುದ್ರದ ಕಡೆಯಿಂದ ಮದುವೆಯಾಗಿ ಬಂದವಳು, ಮೂವತ್ತು ವರ್ಷ ಊದುಬತ್ತಿ ಹೊಸೆದಳು. ಬಂಗಾರಪೇಟೆಯ ಬತ್ತಿ ಸಾಹುಕಾರರು ಹೊಸ ವಾಸನೆ ತಂದರೆ ಮೊದಲು ಅವಳಿಗೇ ಕಳಿಸುತ್ತಿದ್ದರು. ಹಸಿ ಬತ್ತಿಯನ್ನು ಅವಳು ಮೂಸುತ್ತಲೇ ಇರಲಿಲ್ಲ. ಸಂಜೆ ಹಚ್ಚಿ, ಬಾಗಿಲು ಹಾಕಿ, ಬೆಳಿಗ್ಗೆ ಆ ಕೋಣೆಯ ಸೀರೆ ಮಡಿಕೆ ಮೂಸಿ ತೀರ್ಪು ಹೇಳುವಳು. ಒಮ್ಮೆ ಸಾಹುಕಾರರು ಬಲು ಮೆಚ್ಚಿದ್ದ ಗುಲಾಬಿ ಬತ್ತಿಗೆ, "ಚಪ್ಪರ ಜೋರಾಗೈತೆ, ಒಳಗೆ ಊಟ ಇಲ್ಲ" ಅಂದುಬಿಟ್ಟಳು. ಅವರು ಮುನಿಸಿಕೊಂಡು ಎರಡು ತಿಂಗಳು ಕೆಲಸ ಕೊಡಲಿಲ್ಲ. ಇವಳು ಮಾತು ಬದಲಿಸಲಿಲ್ಲ.

ನನಗೆ ಅಂಥ ಮೂಗಿಲ್ಲ ಅಂತಲೇ ನಂಬಿದ್ದೆ.

ನಮ್ಮ ಯಜಮಾನರು ಸೆಲ್ವರಾಜ್ ಗಣಿಗೆ ಇಳಿಯುತ್ತಿದ್ದವರು. ಗಣಿ ಮುಚ್ಚುವ ಮೊದಲೇ ಜ್ವರ ಬಂದು ಹೋದರು. ಅವರ ಮುಖ ಫೋಟೋದಲ್ಲಿದೆ. ಶಿಫ್ಟ್ ಮುಗಿಸಿ ಬಂದಾಗಿನ ವಾಸನೆ ಎಲ್ಲಿ ಸಿಗಬೇಕು? ಕೊನೆಯ ಅಂಗಿಯನ್ನು ನಾನೇ ತಿಳಿಯದೆ ಒಗೆದು ಹಾಕಿದ್ದೆ. ಈಚೆಗೆ ಅದು ನೆನಪಿನಿಂದಲೂ ಜಾರುತ್ತಿತ್ತು.

ಮೊಮ್ಮಗಳು ಸಹನ, ಸೆಂಟುಗಳ ಬಗ್ಗೆ ಜನ ಬರೆಯುವುದನ್ನು ಫೋನಿನಲ್ಲಿ ಓದಿ ಹೇಳುತ್ತಾಳೆ. ಮೊದಲು ಯಾವ ವಾಸನೆ ಬಂತು, ಕೊನೆಗೆ ಮೈಮೇಲೆ ಏನು ಉಳಿಯಿತು ಅಂತ ಒಂದು ಬಾಟಲಿಗೆ ಪುಟಗಟ್ಟಲೆ ಬರೆಯುತ್ತಾರೆ. ಇಂದ್ರಾಣಕ್ಕನಂಥವರು ಲೋಕದಲ್ಲಿ ಇನ್ನೂ ಇದ್ದಾರಲ್ಲ ಅಂತ ನನಗೆ ಖುಷಿ. ಒಂದು ಸೆಂಟನ್ನು ಎಲ್ಲರೂ "ಭೂಮಿಯ ಒಳಗಿನ ವಾಸನೆ" ಅಂತ ಹೊಗಳಿದ್ದರು. ಸಹನ ಅದನ್ನೇ ತರಿಸಿಕೊಟ್ಟಳು. ಮೂಸಿದೆ. ಹೌದು, ಯಜಮಾನರದೇ ಅಂದೆ. ಕಣ್ಣು ತುಂಬಿತು. ಆದರೂ ಮನಸ್ಸು ನಿಲ್ಲಲಿಲ್ಲ. ಇಂದ್ರಾಣಕ್ಕ ಹೂಂ ಅಂದರೆ ಸಾಕು ಅಂತ ಬಾಟಲಿ ಹಿಡಿದು ಹೋದೆ.

"ನಿನ್ ಗಂಡನ ವಾಸ್ನೆ ನನ್ನ ಕೇಳ್ತೀಯಲ್ಲೇ ರಾಧ, ನಾನೇನ್ ಅವನ ಪಕ್ಕ ಮಲ್ಗಿದ್ನಾ?"

ಇಬ್ಬರೂ ನಕ್ಕೆವು. ಆಮೇಲೆ ಅವಳು ನನ್ನ ಸೆರಗಿಗೆ ಎರಡು ತೊಟ್ಟು ಹಾಕಿ, ಬಾಟಲಿ ತನ್ನಲ್ಲೇ ಇಟ್ಟುಕೊಂಡು, ಬೆಳಿಗ್ಗೆ ನೀನೇ ಬಂದು ಹೇಳು ಎಂದು ಕಳಿಸಿದಳು.

ಬೆಳಿಗ್ಗೆ ಸೆರಗು ಮೂಸಿದರೆ, ಮಳೆ ಬಿದ್ದ ಅಂಗಳ, ಅದರ ಮೇಲೆ ಒಂದಿಷ್ಟು ಸಕ್ಕರೆ. ಒಳ್ಳೆಯ ವಾಸನೆಯೇ, ಸುಳ್ಳು ಹೇಳಬಾರದು. ಆದರೆ ಇದಲ್ಲ, ಇದಲ್ಲ ಅಂತ ಹುಡುಕುತ್ತ ಹೋದಂತೆ ಅವರದು ತಾನಾಗಿ ಬಂತು. ಒದ್ದೆ ಕಲ್ಲು, ಸಿಡಿಮದ್ದಿನ ಹೊಗೆ, ಎಷ್ಟು ಉಜ್ಜಿದರೂ ಅವೆರಡನ್ನು ಮುಚ್ಚಲಾರದ ಕೆಂಪು ಸೋಪು.

ಅಷ್ಟು ಜನ ಬರೆದಿದ್ದಾರಲ್ಲ ಎಂದು ಇಂದ್ರಾಣಕ್ಕನ ಮುಂದೆ ಅಳುಕಿದೆ.

"ಬರ್ದೋರು ಬರ್ಕೊಳ್ಲಿ. ನೀನ್ ಯೋಳು."

"ಇದು ಮೇಲಿನ್ ಮಣ್ಣು ಕಣಕ್ಕ. ಅವರ್ದು ಬಿಸಿಲೇ ಕಾಣ್ದಿರೋ ಕಲ್ಲು."

ಅವಳು ಬಾಟಲಿಗೆ ಮುಚ್ಚಳ ತಿರುಗಿಸಿ ನನ್ನ ಕೈಗಿಟ್ಟಳು. ಸಹನಳಿಗೆ ಒಪ್ಪುತ್ತದೆ, ಅವಳೇ ಹಾಕಿಕೊಳ್ಳಲಿ ಅಂದುಕೊಂಡು ಮನೆಗೆ ಬಂದೆ.